ಡ್ರಗ್ ಟೆಸ್ಟ್ ಪಾಸಿಟಿವ್ ಬಂದಿದೆ, ನಾನು ಏನೂ ತಗೊಂಡಿಲ್ಲ

ಪ್ರಶ್ನೆ: ನನಗೆ 29 ವರ್ಷ. ಹೊಸ ಕೆಲಸ ಸಿಕ್ಕಿದೆ. ಸೇರುವ ಮುಂಚಿನ ಮೆಡಿಕಲ್‌ನಲ್ಲಿ ಮೂತ್ರ ತಗೊಂಡು, ಸ್ವಲ್ಪ ಹೊತ್ತಿನಲ್ಲೇ ಒಂದು ಸ್ಟ್ರಿಪ್ ನೋಡಿ ‘ಆಂಫೆಟಮೈನ್ ಪಾಸಿಟಿವ್’ ಎಂದು ಬರೆದರು. ಇದಾಗಿ ನಾಲ್ಕು ದಿನ. ಆಫರ್ ತಡೆಹಿಡಿದಿದ್ದೇವೆ, ಬೇಕಾದರೆ ಮುಂದಿನ ವಾರ ಇನ್ನೊಮ್ಮೆ ಮೂತ್ರ ಕೊಡಿ ಎಂದು ಎಚ್‌ಆರ್‌ನವರು ಫೋನ್ ಮಾಡಿ ಹೇಳಿದ್ದಾರೆ. ನಾನು ಒಂದು ಸಿಗರೇಟು ಸೇದಿದವನೂ ಅಲ್ಲ. ಎಂಟು ತಿಂಗಳಿಂದ ಖಿನ್ನತೆಗೆ ಬ್ಯುಪ್ರೊಪಿಯಾನ್ ಮಾತ್ರೆ ತಗೊಳ್ಳುತ್ತಿದ್ದೇನೆ. ಟೆಸ್ಟಿಗೆ ಮುಂಚೆ ಮೂರು ದಿನ ನೆಗಡಿ ಮಾತ್ರೆಯನ್ನೂ ತಗೊಂಡಿದ್ದೆ. ಫಾರ್ಮಿನಲ್ಲಿ ಎರಡನ್ನೂ ಬರೆಯಲಿಲ್ಲ. ಖಿನ್ನತೆಯ ವಿಷಯ ಗೊತ್ತಾದರೆ ಕೆಲಸವೇ ಕೊಡುವುದಿಲ್ಲ ಎಂಬ ಭಯ. ಈಗ ಎರಡು ದಿನದಿಂದ ಬ್ಯುಪ್ರೊಪಿಯಾನ್ ನಿಲ್ಲಿಸಿದ್ದೇನೆ. ಚೆನ್ನಾಗಿ ನೀರು ಕುಡಿ, ವಿನೆಗರ್ ಕುಡಿ ಅಂತಾನೆ ಒಬ್ಬ ಗೆಳೆಯ. ಪಕ್ಕದಲ್ಲಿ ಯಾರೋ ಸೇದಿದ ಹೊಗೆ ನಿನ್ನ ಮೈಗೆ ಸೇರಿರಬೇಕು ಅಂತಾನೆ ಇನ್ನೊಬ್ಬ. ಟೆಸ್ಟ್ ಸುಳ್ಳು ಹೇಳುತ್ತದಾ? ನಾನೀಗ ಏನು ಮಾಡಲಿ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ, ಇದರಲ್ಲಿ ತಡ ಮಾಡುವ ಹಾಗಿಲ್ಲ. ಅವತ್ತು ನೀವು ಕೊಟ್ಟ ಮೂತ್ರದ ಬಾಟಲಿ ಇನ್ನೂ ಇದೆಯಾ ಎಂದು ಇವತ್ತೇ ಕೇಳಿ. ಇದ್ದರೆ ಎಸೆಯಬೇಡಿ, ಫ್ರೀಜರಿನಲ್ಲಿ ಇಟ್ಟಿರಿ ಎಂದು ಇ-ಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಇ-ಮೇಲ್ ಕಳಿಸಿ ಬಂದು ಮುಂದಿನದನ್ನು ಓದಿ.

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿವೆ. ಮಾಡದ ತಪ್ಪು ತಲೆಗೆ ಬಂತಲ್ಲ ಎಂಬುದು ಒಂದು. ಅದನ್ನು ತೊಳೆದುಕೊಳ್ಳಲು ಹೋದರೆ ಖಿನ್ನತೆಯ ವಿಷಯ ಹೊರಬೀಳುತ್ತದಲ್ಲ ಎಂಬುದು ಇನ್ನೊಂದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸುತ್ತದೆ, ಇಲ್ಲದಿದ್ದರೆ ಮಾತ್ರೆ ನಿಲ್ಲಿಸುತ್ತಿರಲಿಲ್ಲ. ಸಮಾಧಾನದ ಸಂಗತಿ ಏನೆಂದರೆ, ಆ ಹಳೇ ಬಾಟಲಿ ಸಿಕ್ಕಿದರೆ ಎರಡೂ ಭಯ ಒಟ್ಟಿಗೇ ಹೋಗುವ ಸಾಧ್ಯತೆ ಜಾಸ್ತಿ. ಹೇಗೆ ಅಂತ ತಿಳಿಯಬೇಕಾದರೆ ಆ ಸ್ಟ್ರಿಪ್ ಒಳಗೆ ನಡೆಯುವುದು ಏನೆಂದು ನೋಡಬೇಕು.

ಸ್ಟ್ರಿಪ್ಪಿನ ಮೇಲೆ ಆಂಟಿಬಾಡಿ ಎಂಬ ಪ್ರೋಟೀನ್ ಇರುತ್ತದೆ. ಆಂಫೆಟಮೈನ್ ಎಂಬ ಉತ್ತೇಜಕ ಡ್ರಗ್ಗಿನ ಅಣುವಿನ ಒಂದು ಭಾಗದ ಆಕಾರಕ್ಕೆ ಹೊಂದಿಕೊಳ್ಳುವಂತೆ ಅದನ್ನು ತಯಾರಿಸಿರುತ್ತಾರೆ. ಗಿಜಿಗುಡುವ ಜನರ ನಡುವೆ ಹಿಂದಿನಿಂದ ಯಾರನ್ನೋ ನೋಡಿ, ನಮ್ಮವನೇ ಅಂದುಕೊಂಡು ಹೆಗಲ ಮೇಲೆ ಕೈ ಹಾಕಿದ್ದೀರಾ? ಅದೇ ಎತ್ತರ, ಅದೇ ತಲೆಗೂದಲು, ಅದೇ ಅಂಗಿ. ತಿರುಗಿದರೆ ಬೇರೆ ಮುಖ. ಆಂಟಿಬಾಡಿಗೆ ಕಾಣುವುದು ಅಣುವಿನ ಬೆನ್ನು ಮಾತ್ರ. ಬೆನ್ನು ಹೋಲುವ ಬೇರೆ ಅಣು ಬಂದರೂ ಹಿಡಿದುಕೊಳ್ಳುತ್ತದೆ. ಇದನ್ನು ನಾವು ಕ್ರಾಸ್ ರಿಯಾಕ್ಷನ್ ಅನ್ನುತ್ತೇವೆ.

ಹೀಗೆ ಏಮಾರುವುದರಲ್ಲಿ ಆಂಫೆಟಮೈನ್ ಸ್ಟ್ರಿಪ್ಪಿನದು ಎತ್ತಿದ ಕೈ. ಆಂಫೆಟಮೈನ್ ಸಣ್ಣ ಅಣು, ಅದನ್ನು ಹೋಲುವ ಔಷಧಿಗಳೋ ಬೇಕಾದಷ್ಟಿವೆ. ನಿಮ್ಮ ಬ್ಯುಪ್ರೊಪಿಯಾನ್ ರಚನೆಯಲ್ಲಿ ಆಂಫೆಟಮೈನಿಗೆ ದೂರದ ನೆಂಟ. ಅದು ಮೈಯೊಳಗೆ ಆಂಫೆಟಮೈನ್ ಆಗಿ ಬದಲಾಗುವುದಿಲ್ಲ, ಆ ಬಗ್ಗೆ ಚಿಂತೆ ಬೇಡ. ಆದರೆ ಅದು ಮತ್ತು ಅದು ಒಡೆದು ಹುಟ್ಟುವ ಪದಾರ್ಥಗಳು ಮೂತ್ರದಲ್ಲಿ ಹೊರಬಂದಾಗ ಕೆಲವು ಕಂಪನಿಗಳ ಸ್ಟ್ರಿಪ್ ಮೋಸಹೋಗುತ್ತದೆ. ಈ ವಿಷಯದಲ್ಲಿ ಇದು ಹೆಸರು ಮಾಡಿದ ಔಷಧಿ. ನೆಗಡಿ ಮಾತ್ರೆಯ ಪಟ್ಟಿಯನ್ನೂ ತಿರುಗಿಸಿ ನೋಡಿ. ಸ್ಯೂಡೋಎಫೆಡ್ರಿನ್ ಅಥವಾ ಫಿನೈಲೆಫ್ರಿನ್ ಅಂತ ಇದ್ದರೆ ಅದೂ ಕೈಜೋಡಿಸಿರಬಹುದು. ಖಾಲಿ ಪಟ್ಟಿಯಾದರೂ ಸರಿ, ಎಸೆಯಬೇಡಿ.

ನಿಮ್ಮೊಬ್ಬರದೇ ಕಥೆ ಇದು ಅಂದುಕೊಳ್ಳಬೇಡಿ. ರಕ್ತದೊತ್ತಡಕ್ಕೆ ಕೊಡುವ ಲೆಬೆಟಲಾಲ್, ಹೊಟ್ಟೆಯುರಿಗೆ ಕೊಡುತ್ತಿದ್ದ ರಾನಿಟಿಡಿನ್, ನಿದ್ದೆ ಬರಿಸುವ ಟ್ರಾಜೊಡೋನ್, ಅಲರ್ಜಿಯ ಪ್ರೊಮೆಥಜಿನ್, ಇವೆಲ್ಲ ಆಂಫೆಟಮೈನ್ ಹೆಸರಿನಲ್ಲಿ ಸಿಕ್ಕಿಬಿದ್ದದ್ದಿದೆ. ಬೇರೆ ಡ್ರಗ್‌ಗಳ ಸ್ಟ್ರಿಪ್ಪಿಗೂ ಅದರದರದೇ ಕಾಟ. ಲೆವೊಫ್ಲಾಕ್ಸಾಸಿನ್, ರಿಫಾಂಪಿಸಿನ್‌ನಂಥ ಆಂಟಿಬಯೋಟಿಕ್ ಅಫೀಮಿನ ಸ್ಟ್ರಿಪ್ಪನ್ನು ಏಮಾರಿಸಬಹುದು. ಒಣಕೆಮ್ಮಿನ ಡೆಕ್ಸ್ಟ್ರೊಮೆಥಾರ್ಫಾನ್ ಪಿಸಿಪಿ ಎಂಬ ಡ್ರಗ್ಗಿನ ಸ್ಟ್ರಿಪ್ಪನ್ನು, ಸರ್ಟ್ರಾಲಿನ್ ನಿದ್ರೆಮಾತ್ರೆಗಳ ಸ್ಟ್ರಿಪ್ಪನ್ನು, ಕ್ವೆಟಿಯಾಪಿನ್ ಅಫೀಮಿನಂಥ ಔಷಧಿ ಮೆಥಡೋನ್‌ನ ಸ್ಟ್ರಿಪ್ಪನ್ನು. ಎಲ್ಲ ಕಂಪನಿಯ ಸ್ಟ್ರಿಪ್ಪಿನಲ್ಲೂ ಹೀಗಾಗುತ್ತದೆ ಎಂದಲ್ಲ. ಆಂಟಿಬಾಡಿ ಬೇರೆಯಾದರೆ ಮೋಸಹೋಗುವ ರೀತಿಯೂ ಬೇರೆ. ಹಾಗಾಗಿ ಇ-ಮೇಲ್‌ನಲ್ಲಿ ಇನ್ನೂ ಒಂದು ಸಾಲು ಸೇರಿಸಿ: ಬಳಸಿದ ಕಿಟ್‌ನ ಹೆಸರು ಮತ್ತು ಲಾಟ್ ನಂಬರ್ ಕೊಡಿ. ಡಬ್ಬದೊಳಗೆ ಮಡಿಸಿಟ್ಟ ಕಾಗದದಲ್ಲಿ ಯಾವ ಔಷಧಿಗಳನ್ನು ಹಾಕಿ ನೋಡಿದ್ದಾರೆ, ಯಾವುದಕ್ಕೆ ಸ್ಟ್ರಿಪ್ ಏಮಾರಿದೆ ಎಂದು ಕಂಪನಿಯವರೇ ಅಚ್ಚು ಹಾಕಿರುತ್ತಾರೆ. ಇದು ಪ್ರಾಥಮಿಕ ಫಲಿತಾಂಶ ಮಾತ್ರ, ಬೇರೆ ವಿಧಾನದಲ್ಲಿ ಖಚಿತಪಡಿಸಿಕೊಳ್ಳಿ ಎಂದೂ ಅದೇ ಕಾಗದದಲ್ಲಿ ಇರುತ್ತದೆ. ಅದನ್ನು ಓದಿದವರು ನನಗೆ ಸಿಕ್ಕಿದ್ದು ಅಪರೂಪ.

ಕಣ್ಣಿನ ತಪ್ಪೂ ಒಂದಿದೆ. ಗರ್ಭಧಾರಣೆಯ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಪಾಸಿಟಿವ್ ಅಲ್ವಾ? ಡ್ರಗ್ ಸ್ಟ್ರಿಪ್ಪಿನಲ್ಲಿ ಉಲ್ಟಾ. ಗೆರೆ ಮೂಡಿದರೆ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಮಸುಕು ಗೆರೆ ಬಂದರೂ ಅದು ನೆಗೆಟಿವ್ವೇ. ಅವಸರದಲ್ಲಿರುವವರು, ತರಬೇತಿ ಇಲ್ಲದವರು, ಮಸುಕು ಗೆರೆಯನ್ನು ‘ಸರಿಯಾಗಿ ಬಂದಿಲ್ಲ’ ಎಂದು ಪಾಸಿಟಿವ್ ಪಟ್ಟಿಗೆ ಸೇರಿಸಿಬಿಡುತ್ತಾರೆ. ಕಿಟ್ ಹೇಳಿದ ಸಮಯ ಮೀರಿದ ಮೇಲೆ ಓದಿದರೂ ನೆಚ್ಚುವ ಹಾಗಿಲ್ಲ. ಸ್ಟ್ರಿಪ್ಪಿನ ಫೋಟೋ ತೆಗೆದಿದ್ದಾರಾ ಕೇಳಿ.

ಈಗ ಬಾಟಲಿಯ ವಿಷಯ. ಸರಿಯಾದ ಕ್ರಮದಲ್ಲಿ ಡ್ರಗ್ ಟೆಸ್ಟ್ ಎಂದರೆ ಎರಡು ಮೆಟ್ಟಿಲು. ಸ್ಟ್ರಿಪ್ ಮೊದಲನೆಯದು, ಅದರ ಕೆಲಸ ಜರಡಿ ಹಿಡಿಯುವುದು. ಜರಡಿಯಲ್ಲಿ ಸಿಕ್ಕಿದ ಸ್ಯಾಂಪಲ್ ಎರಡನೇ ಮೆಟ್ಟಿಲಿಗೆ, ಅಂದರೆ ಕನ್ಫರ್ಮೇಟರಿ ಟೆಸ್ಟಿಗೆ ಹೋಗಬೇಕು. ಅಲ್ಲಿ ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್/ಎಂಎಸ್ ಎಂಬ ಯಂತ್ರ ಮೂತ್ರದಲ್ಲಿರುವ ಪದಾರ್ಥಗಳನ್ನು ಮೊದಲು ಒಂದೊಂದಾಗಿ ಬೇರ್ಪಡಿಸುತ್ತದೆ. ಆಮೇಲೆ ಒಂದೊಂದು ಅಣುವನ್ನೂ ಚೂರು ಮಾಡಿ ಚೂರುಗಳನ್ನು ತೂಗುತ್ತದೆ. ಅಣು ಒಡೆಯುವ ರೀತಿ ಅದರ ಬೆರಳಚ್ಚು ಇದ್ದ ಹಾಗೆ. ಇಲ್ಲಿ ಬೆನ್ನು ನೋಡುವ ಮಾತಿಲ್ಲ, ನಿಲ್ಲಿಸಿ ಮುಖ ನೋಡಿ ಹೆಬ್ಬೆಟ್ಟು ಒತ್ತಿಸಿಕೊಂಡೇ ಬಿಡುವುದು. ಬ್ಯುಪ್ರೊಪಿಯಾನ್ ಇಲ್ಲಿ ಬ್ಯುಪ್ರೊಪಿಯಾನ್ ಆಗಿಯೇ ಕಾಣುತ್ತದೆ. ಆಂಫೆಟಮೈನ್ ಇಲ್ಲ ಎಂದರೆ ವರದಿ ‘ನೆಗೆಟಿವ್’ ಎಂದು ಬರುತ್ತದೆ, ಅಷ್ಟೆ. ನೀವು ಏನು ಮಾತ್ರೆ ತಗೊಳ್ಳುತ್ತೀರಿ ಎಂದು ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ. ಎರಡೂ ಭಯ ಒಟ್ಟಿಗೇ ಹೋಗುತ್ತವೆ ಎಂದದ್ದು ಇದಕ್ಕೆ.

ಹೊಸ ಮೂತ್ರ ಕೊಟ್ಟರೆ ಆಗುವುದಿಲ್ಲವೇ? ಅಲ್ಲೇ ಇರುವುದು ಗುಂಡಿ. ಆಂಫೆಟಮೈನ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದಲ್ಲಿ ಮೂತ್ರದಿಂದ ಮಾಯವಾಗುತ್ತದೆ. ಮುಂದಿನ ವಾರ ನೆಗೆಟಿವ್ ಬಂದರೆ ‘ಅಷ್ಟರಲ್ಲಿ ಇಳಿದುಹೋಗಿದೆ’ ಎಂದು ಯಾರು ಬೇಕಾದರೂ ಹೇಳಬಹುದು, ಹೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಮಾತ್ರೆ ಮುಂದುವರಿಸಿ ಅದೇ ಕಂಪನಿಯ ಸ್ಟ್ರಿಪ್ಪಿನ ಮೇಲೆ ಮತ್ತೆ ಪಾಸಿಟಿವ್ ಬಂದರಂತೂ ‘ಎರಡು ಸಲ ಸಿಕ್ಕಿಬಿದ್ದ’ ಆಗುತ್ತದೆ. ಒಂದೇ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರೆ ಅದು ಎರಡನೇ ಸಾಕ್ಷಿ ಆಗುವುದಿಲ್ಲ. ಆದರೆ ಕಡತದಲ್ಲಿ ಹಾಗೆ ಕಾಣುತ್ತದೆ.

ನಾನೇ ಒಂದು ಸಲ ಎಡವಿದ್ದೇನೆ. ಲ್ಯಾಬ್ ಕೆಲಸಕ್ಕೆ ಹೊಸಬ. ಬಿಪಿ ಏರಿ ಆಸ್ಪತ್ರೆ ಸೇರಿದ್ದ ಗರ್ಭಿಣಿಯೊಬ್ಬರ ಸ್ಯಾಂಪಲ್ ಬಂತು. ಆಂಫೆಟಮೈನ್ ಪಾಸಿಟಿವ್. ಬರೆದೆ, ಸಹಿ ಹಾಕಿದೆ, ಕಳಿಸಿದೆ. ಕನ್ಫರ್ಮೇಟರಿ ವರದಿ ಬಂದಿದ್ದು ಎರಡು ದಿನದ ಮೇಲೆ, ಪೂರ್ತಿ ನೆಗೆಟಿವ್. ಆಕೆಗೆ ಕೊಡುತ್ತಿದ್ದದ್ದು ಲೆಬೆಟಲಾಲ್. ಆ ಎರಡು ದಿನ ವಾರ್ಡಿನಲ್ಲಿ ಆಕೆಯನ್ನು ಯಾವ ಕಣ್ಣಿನಿಂದ ನೋಡಿದ್ದರು ಎಂದು ಆಮೇಲೆ ಒಬ್ಬ ನರ್ಸ್ ಹೇಳಿದರು. ಸ್ಟ್ರಿಪ್ ಮಾಡಿದ್ದು ಅದರ ಕೆಲಸ, ತಪ್ಪು ಮಾಡಿದ್ದು ನನ್ನ ಸಹಿ. ಅಂದಿನಿಂದ ಸ್ಟ್ರಿಪ್ ವರದಿಯಲ್ಲಿ ‘ಪಾಸಿಟಿವ್’ ಎಂದು ಒಂಟಿ ಪದ ಬರೆಯುವುದನ್ನು ಬಿಟ್ಟೆ. ‘ಪ್ರಾಥಮಿಕ, ಖಚಿತಪಟ್ಟಿಲ್ಲ’ ಎಂದು ಸೇರಿಸುತ್ತೇನೆ.

ಅಂದರೆ ಯಂತ್ರ ಹೇಳಿದ್ದೇ ವೇದವಾಕ್ಯವಾ? ಅದೂ ಅಲ್ಲ. 1990ರ ಸುಮಾರಿಗೆ ಅಮೆರಿಕದಲ್ಲಿ ಜಿಸಿ-ಎಂಎಸ್‌ನಲ್ಲೇ ಒಂದು ಎಡವಟ್ಟಾಯಿತು. ಮೂತ್ರದಲ್ಲಿ ಎಫೆಡ್ರಿನ್ ಜಾತಿಯ ನೆಗಡಿ ಔಷಧಿ ತುಂಬಾ ಇದ್ದಾಗ, ಪರೀಕ್ಷೆಯ ಶಾಖಕ್ಕೆ ಅದರ ಒಂದಿಷ್ಟು ಅಂಶ ಆಂಫೆಟಮೈನ್ ಜಾತಿಯದೇ ಇನ್ನೊಂದು ಡ್ರಗ್ ಆದ ಮೆತಾಂಫೆಟಮೈನ್ ಆಗಿಬಿಡುತ್ತಿತ್ತು. ಇಲ್ಲದ ಡ್ರಗ್ಗನ್ನು ಯಂತ್ರವೇ ಹುಟ್ಟಿಸಿದ ಹಾಗೆ. ಮೆತಾಂಫೆಟಮೈನ್ ನಿಜವಾಗಿ ಮೈಗೆ ಹೋಗಿದ್ದರೆ ಅದು ಒಡೆದು ಸ್ವಲ್ಪ ಆಂಫೆಟಮೈನ್ ಕೂಡ ಬರಲೇಬೇಕು. ಆದ್ದರಿಂದ ಎರಡೂ ಕಂಡರೆ ಮಾತ್ರ ಪಾಸಿಟಿವ್ ಎಂದು ಬರೆಯಿರಿ ಎಂದು ಅಲ್ಲಿನ ಸರ್ಕಾರ ಆಮೇಲೆ ನಿಯಮ ಮಾಡಿತು. ಒಳ್ಳೆಯ ಲ್ಯಾಬ್‌ಗಳು ಈಗ ಇಂಥದ್ದನ್ನು ನೋಡಿಕೊಂಡೇ ಕೆಲಸ ಮಾಡುತ್ತವೆ.

ಯಂತ್ರ ಹೇಳಲಾಗದ ಇನ್ನೊಂದು ವಿಷಯವಿದೆ. ಇದೆಯೋ ಇಲ್ಲವೋ, ಎಷ್ಟಿದೆ, ಇಷ್ಟು ಹೇಳುತ್ತದೆ. ಹೇಗೆ ಬಂತು ಎಂದು ಹೇಳುವುದಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಸ್ಕೀ ಪಟು ಅಲೈನ್ ಬ್ಯಾಕ್ಸ್‌ಟರ್ ಕಂಚು ಗೆದ್ದರು. ಟೆಸ್ಟಿನಲ್ಲಿ ಮೆತಾಂಫೆಟಮೈನ್ ಸಿಕ್ಕಿತು, ಪದಕ ಹೋಯಿತು. ಮೂಗು ಕಟ್ಟಿದ್ದಕ್ಕೆ ಅವರು ಅಮೆರಿಕದಲ್ಲಿ ವಿಕ್ಸ್ ಇನ್ಹೇಲರ್ ಕೊಂಡಿದ್ದರು. ಅವರ ದೇಶದಲ್ಲಿ ಅದೇ ಹೆಸರಿನ ಇನ್ಹೇಲರ್‌ನಲ್ಲಿ ಇಲ್ಲದ ಪದಾರ್ಥ ಅಮೆರಿಕದ್ದರಲ್ಲಿತ್ತು: ಲೆವ್‌ಮೆತಾಂಫೆಟಮೈನ್. ಡ್ರಗ್ಗಾಗಿ ಮಾರುವ ಮೆತಾಂಫೆಟಮೈನಿಗೆ ಇದು ಕನ್ನಡಿಯೊಳಗಿನ ಪ್ರತಿಬಿಂಬದ ಹಾಗೆ, ಅಮಲು ಏರಿಸುವ ಶಕ್ತಿ ತೀರಾ ಕಡಿಮೆ. ಎಡ-ಬಲ ಬಿಡಿಸಿ ನೋಡುವ ಪರೀಕ್ಷೆ ಬೇರೆಯೇ ಇದೆ, ಕೇಳಿದರೆ ಮಾತ್ರ ಮಾಡುತ್ತಾರೆ. ಇಂಥವನ್ನು ನಾನು ಸುಳ್ಳು ಪಾಸಿಟಿವ್ ಎಂದು ಕರೆಯುವುದಿಲ್ಲ. ಪದಾರ್ಥ ಇತ್ತು, ಅರ್ಥ ಮಾಡಿಕೊಂಡದ್ದು ಬೇರೆ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣುವುದೂ ಇದೇ ಜಾತಿ. ಅಲ್ಲಿರುವುದು ನಿಜವಾದ ಮಾರ್ಫಿನ್ನೇ. ಇದೇ ಕಾರಣಕ್ಕೆ 1998ರಲ್ಲಿ ಅಮೆರಿಕದ ಫೆಡರಲ್ ನಿಯಮದಲ್ಲಿ ಅಫೀಮು ಜಾತಿಯ ಕಟ್‌ಆಫ್ ಅನ್ನು, ಅಂದರೆ ಪಾಸಿಟಿವ್ ಎಂದು ಬರೆಯಲು ಇರಬೇಕಾದ ಕನಿಷ್ಠ ಪ್ರಮಾಣವನ್ನು, ಒಂದು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿ ಭಾಗದಲ್ಲಿ ಒಂದು ಭಾಗ. ಎಲ್ಲಿ ಗೆರೆ ಎಳೆಯಬೇಕು ಎಂಬುದು ಕೊನೆಗೆ ಮನುಷ್ಯರು ಕೂತು ತೀರ್ಮಾನಿಸಿದ್ದು, ಇದನ್ನು ಮರೆಯಬಾರದು.

ಎಚ್‌ಆರ್‌ನವರು ‘ನಮ್ಮ ಟೆಸ್ಟ್ ಶೇ 98ರಷ್ಟು ನಿಖರ’ ಎಂದು ಹೇಳಬಹುದು. ಆಗ ಈ ಲೆಕ್ಕ ತೋರಿಸಿ. ಅಂಕಿಗಳು ಉದಾಹರಣೆಗೆ ಹಿಡಿದವು. ಕೆಲಸಕ್ಕೆ ಬಂದವರು 1000 ಜನ, ಅವರಲ್ಲಿ ನಿಜವಾಗಿ ಡ್ರಗ್ ತಗೊಳ್ಳುವವರು 10 ಜನ ಎನ್ನೋಣ. ಸ್ಟ್ರಿಪ್ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಉಳಿದ 990 ಜನರಲ್ಲಿ ಶೇ 98 ಮಂದಿಗೆ ಸರಿಯಾಗಿ ನೆಗೆಟಿವ್ ಕೊಟ್ಟರೂ, ಶೇ 2 ಅಂದರೆ ಸುಮಾರು 20 ಜನಕ್ಕೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 29. ಅದರಲ್ಲಿ 20 ಜನ ಏನೂ ತಗೊಂಡವರಲ್ಲ! ತಪ್ಪು ಮಾಡುವವರು ಕಡಿಮೆ ಇರುವ ಕಡೆ ಒಳ್ಳೆಯ ಜರಡಿ ಕೂಡ ಕಾಳಿಗಿಂತ ಕಲ್ಲನ್ನೇ ಜಾಸ್ತಿ ಹಿಡಿಯುತ್ತದೆ. ಜರಡಿಯನ್ನು ಬಿಸಾಡಿ ಅಂತ ಹೇಳುತ್ತಿಲ್ಲ. ಅದು ಅಗ್ಗ, ಬೇಗ ಆಗುತ್ತದೆ, ಸಾವಿರ ಜನರನ್ನೂ ಯಂತ್ರಕ್ಕೆ ಹಾಕುವ ಕಷ್ಟ ತಪ್ಪಿಸುತ್ತದೆ. ಆ 29 ಬಾಟಲಿಗಳನ್ನಾದರೂ ಯಂತ್ರಕ್ಕೆ ಹಾಕಬೇಕಲ್ಲ, ನಾನು ಕೇಳುವುದು ಇಷ್ಟೇ.

ಗೆಳೆಯರ ಸಲಹೆಗಳನ್ನು ಬೇಗ ಮುಗಿಸುತ್ತೇನೆ. ಪಕ್ಕದವರ ಹೊಗೆ: ಆ ಪ್ರಶ್ನೆ ಏಳುವುದು ಗಾಂಜಾಕ್ಕೆ, ಅಲ್ಲೂ ಗಾಳಿಯಾಡದ ಸಣ್ಣ ಕೋಣೆಯಲ್ಲಿ ದಟ್ಟ ಹೊಗೆಯ ನಡುವೆ ಕೂತಿದ್ದರೆ ಮಾತ್ರ. ನಿಮ್ಮ ವರದಿ ಆಂಫೆಟಮೈನಿನದು, ಸಂಬಂಧವಿಲ್ಲ. ವಿನೆಗರ್‌ನಿಂದ ಹಲ್ಲು, ಹೊಟ್ಟೆ ಹಾಳು, ಅಷ್ಟೇ. ನೀರಿನ ವಿಷಯ ಸ್ವಲ್ಪ ಗಂಭೀರ. ಲ್ಯಾಬಿನವರು ಮೂತ್ರದಲ್ಲಿ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ಪದಾರ್ಥ) ಎಷ್ಟಿದೆ ಎಂದೂ ನೋಡುತ್ತಾರೆ. ಅದು ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆಯಾಗಿ ಮೂತ್ರದ ಸಾಂದ್ರತೆಯೂ ಇಳಿದಿದ್ದರೆ ‘ತೆಳುವಾದ ಸ್ಯಾಂಪಲ್’ ಎಂದು ಬರೆಯುತ್ತಾರೆ. ಏನೂ ಮುಚ್ಚಿಡುವುದಿಲ್ಲದ ನೀವು ಮುಚ್ಚಿಡಲು ಹೋದವರ ಹಾಗೆ ಕಾಣುತ್ತೀರಿ. ವಿಪರೀತ ನೀರು ಕುಡಿದು ರಕ್ತದಲ್ಲಿ ಸೋಡಿಯಂ ಇಳಿದರೆ ಪ್ರಾಣಕ್ಕೇ ಅಪಾಯ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬಾಟಲಿ ಇದ್ದರೆ, ‘ಅದೇ ಸ್ಯಾಂಪಲ್ಲನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಖಚಿತಪಡಿಸಿ, ಖರ್ಚು ನಾನೇ ಕೊಡುತ್ತೇನೆ’ ಎಂದು ಬರೆಯಿರಿ. ಮೇಲೆ ಹೇಳಿದ ‘ಎಂಎಸ್’ ಎಂದರೆ ಇದೇ ಮಾಸ್ ಸ್ಪೆಕ್ಟ್ರೋಮೆಟ್ರಿ. ಇದರಲ್ಲಿ ಅಪಾಯ ಕಡಿಮೆ. ಕಾಯಬೇಕು, ಕೈಯಿಂದ ದುಡ್ಡು ಹೋಗಬಹುದು. ಸೀಲ್ ಆಗಿದೆಯಾ, ಮೇಲಿರುವ ನಂಬರ್ ನಿಮ್ಮ ಫಾರ್ಮಿನ ನಂಬರಿಗೆ ಹೊಂದುತ್ತದಾ ಎಂದೂ ಕೇಳಿ. ಬಾಟಲಿ ಅದಲುಬದಲಾಗುವುದು ಸಿನಿಮಾದಲ್ಲಿ ಮಾತ್ರ ನಡೆಯುವ ವಿಷಯವಲ್ಲ. ನೀವು ಬೂಸ್ಟರ್ ಪುಡಿ, ತೂಕ ಇಳಿಸುವ ಮಾತ್ರೆ ಅಂಥದ್ದೇನಾದರೂ ತಗೊಂಡಿದ್ದರೆ ಈಗಲೇ ನೆನಪು ಮಾಡಿಕೊಳ್ಳಿ. ಹೊರಗೆ ಬರೆಯದ ಉತ್ತೇಜಕಗಳು ಅವುಗಳಲ್ಲಿ ಸಿಕ್ಕಿದ ಉದಾಹರಣೆಗಳಿವೆ. ಹಾಗಿದ್ದರೆ ಯಂತ್ರವೂ ಪಾಸಿಟಿವ್ ಹೇಳಬಹುದು.

ಬಾಟಲಿ ಎಸೆದಿದ್ದರೆ ಕೆಲಸ ಕಷ್ಟ, ಆದರೂ ದಾರಿ ಮುಚ್ಚಿಲ್ಲ. ಬಾಟಲಿಯೇ ಇಲ್ಲದಿದ್ದರೆ ಆ ಪಾಸಿಟಿವ್ ಎಂದೂ ಖಚಿತವಾಗಿಲ್ಲ, ಇನ್ನು ಖಚಿತಪಡಿಸಲೂ ಆಗದು ಎಂದು ಬರೆದು ಕಳಿಸಿ. ಕೂದಲಿನ ಪರೀಕ್ಷೆ ಕೇಳಬಹುದು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬುಡದ ಸುಮಾರು ಮೂರು ಸೆಂಟಿಮೀಟರ್‌ನಲ್ಲಿ ಕಳೆದ 90 ದಿನದ ಕಥೆ ಇರುತ್ತದೆ, ಹೊಸದಾಗಿ ಬೆಳೆದ ಕೂದಲು ಚರ್ಮದಿಂದ ಹೊರಬರಲು ಒಂದು ವಾರದಷ್ಟು ಹಿಡಿಯುವುದರಿಂದ, ಒಂದೆರಡು ವಾರ ಕಾದು ಕೊಟ್ಟರೆ ಟೆಸ್ಟಿನ ದಿನವೂ ಅದರೊಳಗೆ ಬರುತ್ತದೆ. ಆದರೆ ಒಂದೇ ಸಲ ತಗೊಂಡದ್ದು ಅದರಲ್ಲಿ ಕಾಣದೇ ಹೋಗಬಹುದು, ಆದ್ದರಿಂದ ಕೂದಲು ನೆಗೆಟಿವ್ ಬಂದರೂ ಅದು ಪೂರ್ತಿ ಪುರಾವೆಯಲ್ಲ, ಒಂದು ಆಸರೆ. ಹೊಸ ಮೂತ್ರ ಕೊಡಲೇಬೇಕಾದರೆ ಕೊಡಿ, ಆದರೆ ಸ್ಟ್ರಿಪ್ ಬೇಡ, ನೇರವಾಗಿ ಯಂತ್ರಕ್ಕೇ ಹಾಕಿ ಎಂಬ ಷರತ್ತಿನ ಮೇಲೆ.

ಔಷಧಿಯ ವಿಷಯ ಹೇಳಲೇಬೇಕಾಗಿ ಬಂದರೆ ಯಾರಿಗೆ ಹೇಳುತ್ತೀರಿ ಎಂಬುದು ಮುಖ್ಯ. ಅಮೆರಿಕದ ಫೆಡರಲ್ ಪದ್ಧತಿಯಲ್ಲಿ ಪಾಸಿಟಿವ್ ವರದಿ ಕಂಪನಿಗೆ ಹೋಗುವ ಮೊದಲು ಅದಕ್ಕೆಂದೇ ಇರುವ ವೈದ್ಯರ ಕೈಗೆ ಹೋಗುತ್ತದೆ. ಅವರು ನಿಮ್ಮ ಜೊತೆ ಮಾತಾಡಿ, ಔಷಧಿ ಚೀಟಿ ನೋಡಿ, ಕಾರಣ ಸರಿಯಿದ್ದರೆ ಕಂಪನಿಗೆ ‘ನೆಗೆಟಿವ್’ ಎಂದಷ್ಟೇ ತಿಳಿಸುತ್ತಾರೆ. ನಿಮ್ಮ ಕಡೆ ಅಂಥವರು ಇದ್ದಾರಾ ಕೇಳಿ, ಇದ್ದರೆ ಚೀಟಿ ಅವರಿಗೆ ಮಾತ್ರ ತೋರಿಸಿ, ಫಾರ್ಮಿನಲ್ಲಿ ಬರೆಯದೆ ಬಿಟ್ಟದ್ದನ್ನೂ ಅವರ ಹತ್ತಿರವೇ ಸರಿಮಾಡಿಸಿ. ಇಲ್ಲದಿದ್ದರೆ ನಿಮ್ಮ ಮನೋವೈದ್ಯರಿಂದ ಒಂದು ಪತ್ರ ತಗೊಳ್ಳಿ. ಆಂಫೆಟಮೈನ್ ಸ್ಟ್ರಿಪ್ಪಿನಲ್ಲಿ ಸುಳ್ಳು ಪಾಸಿಟಿವ್ ಕೊಡುವುದು ದಾಖಲಾಗಿರುವ ಔಷಧಿಯನ್ನು ಇವರು ನನ್ನ ಸಲಹೆಯ ಮೇಲೆ ತಗೊಳ್ಳುತ್ತಿದ್ದಾರೆ ಎಂದಿದ್ದರೆ ಸಾಕು. ಕಾಯಿಲೆಯ ಹೆಸರು ಬೇಡ. ‘ಮನೋವೈದ್ಯ’ ಎಂದು ಅಚ್ಚಾದ ಕಾಗದವೇ ಎಲ್ಲ ಹೇಳಿಬಿಡುತ್ತದಲ್ಲ ಅನ್ನಿಸಿದರೆ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಇಷ್ಟಾದರೂ ಅನುಮಾನ ಪಡುವವರು ಇರುತ್ತಾರೆ, ಆ ಅಪಾಯ ಪೂರ್ತಿ ಹೋಗುವುದಿಲ್ಲ. ಆದ್ದರಿಂದಲೇ ಬಾಟಲಿ ಮೊದಲು, ಪತ್ರ ಆಮೇಲೆ.

ಕೊನೆಯದಾಗಿ ನೀವು ನಿಲ್ಲಿಸಿದ ಮಾತ್ರೆ. ಟೆಸ್ಟ್ ಪಾಸಾಗಲು ಖಿನ್ನತೆಯ ಔಷಧಿ ಬಿಡುವುದು ನಷ್ಟದ ವ್ಯಾಪಾರ, ಎಂಟು ತಿಂಗಳಲ್ಲಿ ಗಳಿಸಿದ ಚೇತರಿಕೆಯೇ ಕೈಬಿಟ್ಟು ಹೋಗಬಹುದು. ಎರಡು ದಿನ ಬಿಟ್ಟಾಕ್ಷಣ ಮೂತ್ರದಿಂದ ಅದರ ಗುರುತು ಪೂರ್ತಿ ಹೋಗುತ್ತದೆ ಎಂಬ ಖಾತ್ರಿಯೂ ಇಲ್ಲ. ಹಾಗಂತ ಬಿಟ್ಟ ಎರಡು ದಿನದ್ದನ್ನು ಸೇರಿಸಿ ಒಟ್ಟಿಗೆ ನುಂಗಬೇಡಿ. ಬ್ಯುಪ್ರೊಪಿಯಾನ್ ಡೋಸ್ ಜಾಸ್ತಿಯಾದರೆ ಫಿಟ್ಸ್ ಬರುವ ಅಪಾಯ ಏರುತ್ತದೆ. ಇವತ್ತೇ ನಿಮ್ಮ ಮನೋವೈದ್ಯರಿಗೆ ಫೋನ್ ಮಾಡಿ, ಎರಡು ದಿನ ಬಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಎಷ್ಟು ತಗೊಳ್ಳಲಿ ಎಂದು ಕೇಳಿ.